ಕಂಬಮ್ಮನ ಹೆಗಲು

ಅಮ್ಮನಿಗೆ ಬಲಗೈ ಎತ್ತಿ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಬೆಳಿಗ್ಗೆ ನಾನೇ ಬಾಚುತ್ತಿದ್ದೆ. ಆಮೇಲೆ ನೀಲಿ ಕೋಟು ತೊಡಿಸುವಾಗ ಅವಳು ಹಲ್ಲು ಕಚ್ಚಿಕೊಂಡು ತೋಳು ತೂರಿಸುತ್ತಿದ್ದಳು. ಕೋಟಿನ ಜೇಬಿನ ಮೇಲೆ ಏಜೆನ್ಸಿಯ ಗುರುತು, ನಗುತ್ತಿರುವ ಒಬ್ಬ ಮುದುಕಿಯ ಚಿತ್ರ. ಮಿಕ್ಕೆಲ್ಲ ಕಡೆ ಕಡುನೀಲಿ. ಬಲ ಹೆಗಲ ಮೇಲೆ ಮಾತ್ರ ಅಂಗೈಯಗಲ ಬಣ್ಣ ಹೋಗಿ, ನೂಲೆದ್ದು, ಬಟ್ಟೆ ಜಾಳಾಗಿತ್ತು.

"ಇಷ್ಟು ನೋವಿಟ್ಕೊಂಡು ಹೋಗಲೇಬೇಕಾ?" ಅನ್ನುತ್ತಿದ್ದೆ.

"ನಾನು ತಡ ಮಾಡಿದ್ರೆ ಅವರೊಬ್ಬರೇ ಎದ್ದುಬಿಡ್ತಾರೆ ಕಣೇ. ಆ ಜೀವಕ್ಕೆ ಕಾಯೋ ಸಹನೆ ಇಲ್ಲ."

'ಅವರು' ಅಂದರೆ ಟಿಕೆಟ್ ಅಜ್ಜಿ. ಸಿನಿಮಾ ಟಾಕೀಸಿನ ಕೌಂಟರಿನಲ್ಲಿ ಕೂತು ಟಿಕೆಟ್ ಹರಿದು ಕೊಡುತ್ತಲೇ ಆಯುಸ್ಸು ಕಳೆದವರು. ಲಕ್ವ ಹೊಡೆದು ಬಲಭಾಗ ಸೋತಿತ್ತು. ಬಾಡಿಗೆ ಮನೆ ಮಹಡಿಯ ಮೇಲೆ. ಮಗಳದು ಅದೇ ಕಟ್ಟಡದ ಕೆಳಗೆ ಒಂದು ಜೆರಾಕ್ಸ್ ಅಂಗಡಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಆ ಮಗಳಿಗೆ ಹೇಳಿದ್ದು ಒಂದೇ ಮಾತು: "ಇವರು ಬೀಳಬಾರದು. ಇನ್ನೊಂದು ಸಲ ಬಿದ್ರೆ ಏಳೋದು ಕಷ್ಟ."

ಆ ಮಾತಿಗೆ ಹೆದರಿಯೇ ಜೆರಾಕ್ಸ್ ಅಕ್ಕ ಏಜೆನ್ಸಿಗೆ ಫೋನ್ ಮಾಡಿದ್ದು. ಏಜೆನ್ಸಿಯ ಮೇಡಂ ತಾವೇ ಬಂದು ಮನೆಯೆಲ್ಲ ಓಡಾಡಿ ನೋಡಿದರು. ಅವರ ಮುಖದಲ್ಲಿ ನಗು ಆರುವುದೇ ಇಲ್ಲ. "ನಮ್ಮ ಕೈಗೆ ಒಪ್ಪಿಸಿದ್ದೀರಲ್ಲ, ಇನ್ನು ನಿಮ್ಮಮ್ಮ ಬೀಳಲ್ಲ," ಅಂದರು. ನಾಲ್ಕು ಕಾಲಿನ ವಾಕರ್ ಕಳಿಸಿದರು. ಬಚ್ಚಲ ಗೋಡೆಗೆ ಹಾಕಲು ಹಿಡಿದುಕೊಳ್ಳುವ ಸ್ಟೀಲಿನ ಕಂಬಿಯೊಂದನ್ನು ಕಳಿಸಿದರು. ಜೊತೆಗೆ ನಮ್ಮಮ್ಮನನ್ನೂ ಕಳಿಸಿದರು.

ವಾಕರ್ ಬಚ್ಚಲ ಬಾಗಿಲಲ್ಲಿ ತೂರಲಿಲ್ಲ. ಅಡ್ಡ ಮಾಡಿದರೂ ಇಲ್ಲ, ಓರೆ ಮಾಡಿದರೂ ಇಲ್ಲ. ಕಂಬಿ ಹಾಕೋಣವೆಂದರೆ ಮನೆ ಓನರ್ ಮೆಟ್ಟಿಲ ಮೇಲೇ ತಡೆದ.

"ಗೋಡೆಗೆ ಒಂದು ಮೊಳೆ ಹೊಡೆದ್ರೂ ಸುಮ್ಮನಿರಲ್ಲ. ಟೈಲ್ಸ್ ಬಿರುಕು ಬಿಟ್ರೆ ಯಾರು ಕೊಡ್ತಾರೆ?"

ಅಕ್ಕ ಮೇಡಂಗೆ ಫೋನ್ ಹಚ್ಚಿದರು.

"ಕಂಬಿ ಕೊಡೋದು ನಮ್ಮ ಕೆಲಸ. ಗೋಡೆ ನಿಮ್ಮದಲ್ವಾ?"

"ಗೋಡೆ ನಮ್ಮದಲ್ಲ ಮೇಡಂ. ಬಾಡಿಗೇದು."

"ಹಾಗಾದ್ರೆ ಓನರ್‌ನೇ ಕೇಳ್ಕೊಳ್ಳಿ."

ಕಂಬಿ, ಸುತ್ತಿದ ಪೇಪರಿನ ಸಮೇತ, ಬಚ್ಚಲ ಬಾಗಿಲ ಹಿಂದೆ ಒರಗಿ ನಿಂತಿತು. ವಾಕರ್ ನಿಲ್ಲುವಲ್ಲಿಂದ ಕಮೋಡಿನವರೆಗೆ ಕೆಲವೇ ಹೆಜ್ಜೆ. ಆ ಕೆಲವು ಹೆಜ್ಜೆಗೆ ಅಮ್ಮ ತನ್ನ ಹೆಗಲು ಕೊಟ್ಟಳು.

ತರಬೇತಿಯಲ್ಲಿ ಹೇಳಿಕೊಟ್ಟದ್ದು ಹಾಗಲ್ಲ. ಸೋತ ಕಡೆ ನಿಲ್ಲಬೇಕು, ಸೊಂಟದ ಬೆಲ್ಟು ಹಿಡಿಯಬೇಕು. ತೋರಿಸಲು ತಂದಿದ್ದ ಬೆಲ್ಟು ತೋರಿಸಿದ ಮೇಲೆ ಬೀರು ಸೇರಿತು, ಯಾರಿಗೂ ಸಿಗಲಿಲ್ಲ. ಬರಿಗೈಯಲ್ಲಿ ಹಿಡಿಯಹೋದರೆ ಅಜ್ಜಿ ಬಿಡಲಿಲ್ಲ.

"ಕೂಸಿನ ಹಾಗೆ ಹಿಡೀಬೇಡ ಕಣೇ, ನಾಚಿಕೆ ಆಗುತ್ತೆ. ನೀನು ನಿಂತ್ಕೋ. ನಾನು ನಿನ್ನ ಹಿಡ್ಕೋತೀನಿ."

ಹಾಗೆ ಅಮ್ಮ ಅಜ್ಜಿಯ ಎಡಕ್ಕೆ, ಅರ್ಧ ಹೆಜ್ಜೆ ಮುಂದೆ, ಹೆಗಲು ತುಸು ತಗ್ಗಿಸಿ ನಡೆಯತೊಡಗಿದಳು. ಗಟ್ಟಿಯಿದ್ದ ಎಡಗೈಯನ್ನು ಅಜ್ಜಿ ಆ ಹೆಗಲ ಮೇಲೆ ಊರುತ್ತಿದ್ದರು. ಮೊದಲು ಬಚ್ಚಲಿಗೆ ಮಾತ್ರ. ಆಮೇಲೆ ಊಟದ ಮೇಜಿಗೆ, ಕಿಟಕಿಗೆ, ಬಾಲ್ಕನಿಗೆ. ವಾಕರ್ ಮೇಲೆ ಟವೆಲ್ಲು ಒಣಗತೊಡಗಿತು. ಅಮ್ಮನಿಗೆ ಹೊಸ ಹೆಸರು ಬಂತು, ಕಂಬಮ್ಮ.

ಒಂದು ದಿನ ಅಮ್ಮ ಮರೆತು ಹೋಗಿದ್ದ ಕನ್ನಡಕ ಕೊಡಲು ನಾನು ಅಲ್ಲಿಗೆ ಹೋದೆ.

"ಯಾರೇ ಅದು, ಬಾಗಿಲಿಗೆ ಅಂಟಿಕೊಂಡು ನಿಂತಿರೋದು?" ಅಂದರು ಅಜ್ಜಿ.

"ನನ್ನ ಮಗಳು ದೊಡ್ಡಮ್ಮ. ಡಿಗ್ರಿ ಮುಗಿಸಿದ್ದಾಳೆ. ಮಾತು ಕಮ್ಮಿ."

"ಮಾತು ಕಮ್ಮಿ ಇರೋರು ಕೌಂಟರಲ್ಲಿ ಕೂರಬೇಕು ಮಗಳೇ. ಆ ಕಿಂಡೀಲಿ ಮುಖ ಕಾಣಲ್ಲ, ಬರೀ ಕೈ ಕಾಣುತ್ತೆ. ಊರವರನ್ನೆಲ್ಲ ನಾನು ಕೈಯಿಂದಲೇ ಬಲ್ಲೆ. ನಿಮ್ಮಮ್ಮನ್ನ ಮಾತ್ರ ಹೆಗಲಿಂದ." ಆಮೇಲೆ ಅಮ್ಮನ ಕಡೆ ತಿರುಗಿ, "ಕಂಬಮ್ಮ, ಬಾಲ್ಕನಿಗೆ ಒಂದು ಟಿಕೆಟ್ ಕೊಡು."

"ಹೌಸ್‌ಫುಲ್ ದೊಡ್ಡಮ್ಮ. ಬಿಸಿಲು ಬಂದು ಕೂತುಬಿಟ್ಟಿದೆ."

"ಎಬ್ಬಿಸು ಅದನ್ನ. ನನ್ನ ಹತ್ರ ಪಾಸಿದೆ."

ನಗುತ್ತಲೇ ಎದ್ದರು. ಕಣ್ಣು ಹಾಯಿಸಲಿಲ್ಲ. ಸುಮ್ಮನೆ ಎಡಗೈ ಚಾಚಿದರು. ಅಲ್ಲಿ ಹೆಗಲಿತ್ತು.

ಮೇಡಂ ವಿಚಾರಿಸಲು ಬಂದಾಗ ಜೆರಾಕ್ಸ್ ಅಕ್ಕ ಬಾಯ್ತುಂಬ ಹೊಗಳಿದರಂತೆ. "ಇವರು ಬಂದ ಮೇಲೆ ನಮ್ಮಮ್ಮ ಮೊದಲಿನ ಹಾಗೆ ನಗ್ತಾರೆ ಮೇಡಂ. ಇನ್ನು ಇವರನ್ನ ಬಿಟ್ಟು ನಮಗೆ ಇರೋಕ್ಕೇ ಆಗಲ್ಲ."

ಪಾಪ, ಅಕ್ಕನಿಗೆ ಗೊತ್ತಿರಲಿಲ್ಲ. ಮನೆಯವರ ಬಾಯಲ್ಲಿ ಹೊಗಳಿಕೆ ಬಂತೆಂದರೆ ಏಜೆನ್ಸಿಯವರು ಕೆಲಸದವಳನ್ನು ಬದಲಿಸಿಬಿಡುತ್ತಾರೆ. ಹೊಂದಿಕೊಂಡರೆ ಮನೆಯವರು ಏಜೆನ್ಸಿಯನ್ನು ಬಿಟ್ಟು ನೇರ ಅವಳನ್ನೇ ಇಟ್ಟುಕೊಂಡಾರು ಎಂಬ ಭಯ. ಹೋಗುವವಳೂ ಬರುವವಳೂ ಒಬ್ಬರ ಮುಖ ಒಬ್ಬರು ನೋಡಕೂಡದು. ಇಬ್ಬರು ಕೂಡಿದರೆ ಸಂಬಳದ ಮಾತು ಬರುತ್ತದಲ್ಲ.

ನಾನು ಜಡೆ ಹೆಣೆಯುತ್ತಿದ್ದಾಗಲೇ ಅಮ್ಮನ ಫೋನಿಗೆ ಸಂದೇಶ ಬಂತು. ಇಂದಿನಿಂದ ಬೇರೆ ಮನೆ. ಅಮ್ಮ ಅರ್ಧ ಜಡೆಯಲ್ಲೇ ಎದ್ದು ಮೇಡಂಗೆ ಫೋನ್ ಮಾಡಿದಳು.

"ಮೇಡಂ, ಇವತ್ತೊಂದಿನ ಹೋಗಿ ಹೊಸಬಳಿಗೆ ತೋರಿಸಿ ಬರ್ತೀನಿ. ಅವರು ಎಡಗಡೆ ಕೈ ಹಾಕ್ತಾರೆ. ನೋಡದೇ ಹಾಕ್ತಾರೆ."

"ಹೊಸ ಹುಡುಗಿಗೆ ತರಬೇತಿ ಆಗಿದೆ ಕಣಮ್ಮ."

"ಸಂಬಳ ಬೇಡ ಮೇಡಂ. ಬರೀ ನಿಂತು ತೋರಿಸಿ..."

"ನಿನಗೆ ಮನೆ ಬದಲಾಗಿದೆ, ಅಷ್ಟೇ. ಸಾಯೋ ಹಾಗೆ ಆಡ್ತೀಯಲ್ಲ!" ಫೋನಿನಲ್ಲೂ ಅವರು ನಗುತ್ತಿದ್ದದ್ದು ಕೇಳಿಸಿತು.

ಅಮ್ಮ ಅಕ್ಕನಿಗೂ ಫೋನ್ ಮಾಡಿದಳು. ಅಂಗಡಿ ತುಂಬ ಪರೀಕ್ಷೆಯ ಮಕ್ಕಳು, ಮಿಷನ್ನಿನ ಸದ್ದು. ಅಕ್ಕ ಎತ್ತಲಿಲ್ಲ.

ಅಜ್ಜಿ ಬಿದ್ದದ್ದು ಆ ಬೆಳಿಗ್ಗೆಯೇ.

ಹೊಸ ಹುಡುಗಿ ಕಲಿಸಿದ ಹಾಗೆಯೇ ನಿಂತಿದ್ದಳು. ಬಲಕ್ಕೆ, ಸೋತ ಕಡೆಗೆ. ಬಚ್ಚಲ ಹೊಸ್ತಿಲಲ್ಲಿ ವಾಕರ್ ಬಿಟ್ಟು, ಅಜ್ಜಿ ಅಭ್ಯಾಸಬಲದಿಂದ ಎಡಗೈ ಚಾಚಿದರು. ಮೈಭಾರವೆಲ್ಲ ಆ ಕೈಗೇ ಬಿಟ್ಟರು. ಅಲ್ಲಿ ಗಾಳಿ ಇತ್ತು.

ಸೊಂಟದ ಮೂಳೆ ಮುರಿದಿತ್ತು.

ಬಿಟ್ಟ ಮನೆಯ ಕಡೆ ತಲೆ ಹಾಕಬಾರದು ಎಂಬುದು ಏಜೆನ್ಸಿಯ ಕಟ್ಟಪ್ಪಣೆ. ಅಮ್ಮ ಕೇಳಲಿಲ್ಲ. ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಮಂಚದಲ್ಲಿ ಅಜ್ಜಿ ಬಾಡಿದ ಸೊಪ್ಪಿನ ಹಾಗೆ ಮಲಗಿದ್ದರು. ಔಷಧದ ಅಮಲು. ಅಮ್ಮ ಮಂಚದ ಎಡಕ್ಕೆ ಹೋಗಿ, ಬಗ್ಗಿ, ಅವರ ಕೈಯೆತ್ತಿ ತನ್ನ ಹೆಗಲ ಮೇಲಿಟ್ಟುಕೊಂಡಳು. ಬೆರಳುಗಳು ಬಟ್ಟೆಯನ್ನು ತಡವಿ ಗುರುತು ಹಿಡಿದವು.

"ಎಲ್ಲಿ ಹೋಗಿದ್ದೆ?" ಅಂದರು ಅಜ್ಜಿ, ಕಣ್ಣು ತೆರೆಯದೆ. "ಕೈ ಚಾಚಿದೆ. ನೀನಿರಲಿಲ್ಲ."

ಅಮ್ಮ, ನರ್ಸು ಬಂದು ಏಳಿಸುವವರೆಗೂ ಬಗ್ಗಿಕೊಂಡೇ ನಿಂತಿದ್ದಳು, ನೋಯುವ ಹೆಗಲಲ್ಲಿ. ಅಜ್ಜಿ ಆ ಮಂಚದಿಂದ ಏಳಲಿಲ್ಲ. ಎದೆಯಲ್ಲಿ ಕಫ ಕಟ್ಟಿ, ವಾರ ತುಂಬುವ ಮೊದಲೇ ಹೋಗಿಬಿಟ್ಟರು.

ಏಜೆನ್ಸಿಯಲ್ಲಿ ಎಲ್ಲ ಕೆಲಸದವರನ್ನೂ ಬೆಳಿಗ್ಗೆಯೇ ಕರೆದು ಸಭೆ ಸೇರಿಸಿದರು. ಅಮ್ಮ ಎಲ್ಲರೆದುರು ತಪ್ಪೊಪ್ಪಿಕೊಂಡು ಕೋಟು ವಾಪಸು ಕೊಡಬೇಕೆಂದು ಹೇಳಿಕಳಿಸಿದ್ದರು. ಕೋಟು ಬಿಚ್ಚಲು ಅವಳಿಗೆ ನನ್ನ ಕೈ ಬೇಕಲ್ಲ, ನಾನೂ ಹೋದೆ. ನೀಲಿ ಕೋಟಿನ ಹೆಂಗಸರು ನೆಲದ ಮೇಲೆ ಒತ್ತಿಕೊಂಡು ಕೂತಿದ್ದರು. ಗೋಡೆಯ ಮೇಲೆ ಅದೇ ನಗುವ ಮುದುಕಿ, ಬಾಗಿಲಿನಷ್ಟು ದೊಡ್ಡವಳಾಗಿ.

"ಅತಿ ಪ್ರೀತಿ ಒಂದು ಜೀವ ತೆಗೀತು," ಅಂದರು ಮೇಡಂ. "ವಾಕರ್ ಬಿಡಿಸಿದಳು, ಹೆಗಲು ರೂಢಿ ಮಾಡಿಸಿದಳು. ಹೊಸ ಹುಡುಗಿ ಸರಿಯಾಗೇ ನಿಂತಿದ್ದಳು. ಪೇಷಂಟ್ ಕೆಟ್ಟಿದ್ದು ಯಾರಿಂದ? ನೀನೇ ಹೇಳಮ್ಮ."

ಅಮ್ಮ ಎದ್ದು ನಿಂತಳು. "ನನ್ನಿಂದಲೇ ಮೇಡಂ," ಅಂದಳು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೊಸ ಹುಡುಗಿ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು. "ಅಕ್ಕಾ, ನಂಗೆ ಗೊತ್ತಿರಲಿಲ್ಲ ಅಕ್ಕಾ..."

"ನೀನು ಸರಿಯಾಗೇ ನಿಂತಿದ್ದೆ ಕಣಮ್ಮ, ಅಳಬೇಡ," ಅಂದಳು ಅಮ್ಮ. ಮತ್ತೆ ಮೇಡಂ ಕಡೆ ತಿರುಗಿ, "ನಾನು ಕಂಬ ಆಗಬಾರದಿತ್ತು. ಆದರೆ ನೀವು ಕಳಿಸಿದ ಕಂಬಿ ಬಾಗಿಲ ಹಿಂದೆ ನಿಂತಿತ್ತಲ್ಲ ಮೇಡಂ. ನಾನೇನು ಮಾಡಬೇಕಿತ್ತು?"

"ಅದು ಮನೆಯವರ ವಿಷಯ."

ಅಷ್ಟರಲ್ಲಿ ಜೆರಾಕ್ಸ್ ಅಕ್ಕ ಬಂದರು. ಕೊಟ್ಟ ಸಾಮಾನು ಹಿಂದಿರುಗಿಸಿ ಎಂದು ಏಜೆನ್ಸಿಯವರು ಅವರನ್ನೂ ಕರೆದಿದ್ದರು. ಒಂದು ಕೈಯಲ್ಲಿ ವಾಕರ್, ಕಂಕುಳಲ್ಲಿ ಪೇಪರು ಸುತ್ತಿದ ಕಂಬಿ. ಅದನ್ನು ಮೇಜಿನ ಮೇಲೆ ಎತ್ತಿಹಾಕಿದರು. ಟಣ್ಣೆಂದಿತು.

"ತಗೊಳ್ಳಿ ಮೇಡಂ, ನಿಮ್ಮ ಕಂಬಿ. ಬಿಚ್ಚೇ ಇಲ್ಲ, ಹೊಸದಾಗೇ ಇದೆ. ಇನ್ನೊಬ್ಬರಿಗೆ ಕೊಡಬಹುದು." ಅಕ್ಕ ವಾಕರನ್ನೂ ಮೇಜಿಗೆ ಒರಗಿಸಿದರು. "ನಿನ್ನೆ ಓನರ್ ಅದೇ ಬಚ್ಚಲ ಗೋಡೆಗೆ ತೂತು ಹೊಡೆಸಿದ. ನಾನು ಖಾಲಿ ಮಾಡ್ತೀನಿ ಅಂದೆ ನೋಡಿ, ಬರೋರಿಗೆ ಗೀಸರ್ ಹಾಕಿಸ್ತಿದ್ದಾನೆ. ಟೈಲ್ಸಿಗೆ ಏನೂ ಆಗಲಿಲ್ಲ."

ನಾನು ಅಮ್ಮನ ಕೋಟಿನ ಗುಂಡಿ ಬಿಚ್ಚಿ, ತೋಳು ಮೆಲ್ಲಗೆ ಕಳಚಿ, ಕಂಬಿಯ ಪಕ್ಕ ಇಟ್ಟೆ. ಬಣ್ಣ ಹೋದ ಹೆಗಲು ಮೇಲೆ ಬಂತು.

ಮುಂದಿನ ಸಾಲಿನಲ್ಲಿ ಗುಡುಗಮ್ಮ ಅಂತ ಒಬ್ಬರು. ಪಿಸುಗುಟ್ಟಿದರೂ ಬೀದಿಗೆ ಕೇಳಿಸುವ ದನಿ, ಅದಕ್ಕೇ ಆ ಹೆಸರು. ಅವರು ಕೋಟನ್ನೇ ನೋಡಿದರು. ತಮ್ಮ ಹೆಗಲು ಮುಟ್ಟಿ ನೋಡಿಕೊಂಡರು.

"ಮೇಡಂ, ನಂದೂ ಹಿಂಗೇ ಆಗಿದೆಯಲ್ಲ!"

"ಕೂತ್ಕೊಳ್ಳಿ."

"ನಮ್ಮ ಮೇಷ್ಟ್ರ ಮನೇಲೂ ಕಂಬಿ ಮಂಚದ ಕೆಳಗಿದೆ ಮೇಡಂ. ನಾನೇ ಕಂಬಿ ಅಲ್ಲಿ."

"ನಮ್ಮಲ್ಲಿ ಅಟ್ಟದ ಮೇಲೆ," ಅಂದಳು ಹಿಂದಿನವಳು.

"ನಮ್ಮಲ್ಲಿ ಅದಕ್ಕೆ ಕಿಟಕಿ ಪರದೆ ನೇತು ಹಾಕಿದ್ದಾರೆ!" ಯಾರೋ ನಕ್ಕರು. ನಕ್ಕವಳೇ ಅತ್ತಳು. ಒಬ್ಬೊಬ್ಬರೂ ಹೆಗಲು ತಿರುಗಿಸಿ ಪಕ್ಕದವಳಿಗೆ ತೋರಿಸತೊಡಗಿದರು. ಕೆಲವರದು ಬಲ, ಕೆಲವರದು ಎಡ. ಎಲ್ಲ ಕೋಟುಗಳ ಮೇಲೂ ಯಾವುದೋ ಮುದಿ ಅಂಗೈಯ ಗುರುತು. ಇಷ್ಟು ದಿನ ಅವರು ಒಬ್ಬರನ್ನೊಬ್ಬರು ಕೂತು ನೋಡಿಕೊಂಡದ್ದೇ ಇರಲಿಲ್ಲ.

ಸಭೆಗೆ ಬಂದವರನ್ನು ಅವರವರ ಮನೆಗೆ ಬಿಡಲು ಅಂದು ಮಾತ್ರ ಗೊತ್ತುಮಾಡಿದ್ದ ವ್ಯಾನು ಹೊರಗೆ ಹಾರನ್ ಮಾಡಿತು.

"ಡ್ಯೂಟಿಗೆ ಹೊರಡಿ," ಅಂದರು ಮೇಡಂ. ನಗು ಇನ್ನೂ ಇತ್ತು, ಆದರೆ ತುಟಿಯ ತುದಿಯಲ್ಲಿ ಜೋತು ಬಿದ್ದಿತ್ತು.

"ಏಳಲ್ಲ," ಅಂದರು ಗುಡುಗಮ್ಮ. "ಇವರ ಕೋಟು ಇವರಿಗೆ ಕೊಡೋವರೆಗೂ ಏಳಲ್ಲ."

ಯಾರೂ ಏಳಲಿಲ್ಲ. ಹಾರನ್ ಮತ್ತೆ ಕೂಗಿತು. ಆಗ ಅಮ್ಮನೇ ಹೇಳಿದಳು, ಮೆಲ್ಲಗೆ.

"ಏಳಿ, ಹೊರಡಿ. ಅವರೆಲ್ಲ ಕಾಯ್ತಿರ್ತಾರೆ. ತಡ ಆದ್ರೆ ಒಬ್ಬರೇ ಎದ್ದುಬಿಡ್ತಾರೆ."

ಒಬ್ಬೊಬ್ಬರಾಗಿ ಎದ್ದರು. ಗುಡುಗಮ್ಮ ಬಾಗಿಲಲ್ಲಿ ನಿಂತು ತಿರುಗಿದರು.

"ಹೋಗ್ತೀವಿ ಮೇಡಂ. ಸಂಜೆ ವ್ಯಾನು ಇಲ್ಲಿಗೇ ಬರುತ್ತಲ್ಲ, ಆಗ ಮಾತಾಡೋಣ."

ಅಕ್ಕ ಅಂಗಡಿಗೆ ಹೋದರು. ಅಮ್ಮ ಮನೆಗೆ ಬರಲಿಲ್ಲ. "ಮನೇಲಿ ಯಾರು ಕಾಯ್ತಿದ್ದಾರೆ ಈಗ?" ಅಂದು ಆಫೀಸಿನ ಮೆಟ್ಟಿಲ ಮೇಲೇ ಕೂತಳು. ನಾನು ಪಕ್ಕದಲ್ಲಿ ಕೂತೆ. ಬಿಸಿಲು ಬಂತು, ಹೋಯಿತು. ಮಧ್ಯಾಹ್ನ ಚಹಾ ತರಲು ಇಬ್ಬರೂ ಬೀದಿಯ ತುದಿಗೆ ಹೊರಟೆವು. ಅಮ್ಮ ನನ್ನ ಎಡಕ್ಕೆ, ಅರ್ಧ ಹೆಜ್ಜೆ ಮುಂದೆ, ಹೆಗಲು ತುಸು ತಗ್ಗಿಸಿ ನಡೆಯುತ್ತಿದ್ದಳು. ಅವಳಿಗದು ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಸಂಜೆ ವ್ಯಾನು ಬಂದು ನಿಂತಿತು. ಬಾಗಿಲು ಸರಿಯಿತು. ಮೊದಲು ಇಳಿದವರು ಗುಡುಗಮ್ಮ. ಬಣ್ಣ ಹೋದ ಅವರ ಹೆಗಲ ಮೇಲೆ, ಮೇಷ್ಟ್ರ ಮಂಚದ ಕೆಳಗಿದ್ದ, ಪೇಪರು ಸುತ್ತಿದ ಉದ್ದದ ಕಂಬಿ. ಅವರ ಹಿಂದೆ ಇನ್ನೊಬ್ಬಳು, ಅವಳ ಹೆಗಲ ಮೇಲೂ ಒಂದು. ಅವಳ ಹಿಂದೆ ಹೊಸ ಹುಡುಗಿ, ಹೆಗಲ ಮೇಲೆ ಮತ್ತೊಂದು ಕಂಬಿ. ಅವಳ ಕೋಟು ಇನ್ನೂ ಕಡುನೀಲಿಯಾಗಿಯೇ ಇತ್ತು.