ಗುಂಡಿಯ ಬಾಯಲ್ಲಿ ನಿಂತ ಭಾವ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಒಳಗೆ ಬರುತ್ತಿದ್ದುದು ಅವರ ಮೂಗು. ಅದರ ಹಿಂದೆ ನಿಧಾನವಾಗಿ ಅವರು. ಹೊಸಿಲಲ್ಲಿ ನಿಂತು, ಕತ್ತು ಮುಂದೆ ಚಾಚಿ, ಗಾಳಿ ಎಳೆದುಕೊಂಡು, "ಅದಿರಲಿ, ಹಾಲು ಸೀದಿದೆಯಲ್ಲಮ್ಮ" ಎನ್ನುವರು. ಒಲೆಯ ಮುಂದಿದ್ದ ನನಗೇ ಅದಿನ್ನೂ ತಿಳಿದಿರುತ್ತಿರಲಿಲ್ಲ. 'ಅದಿರಲಿ' ಎನ್ನದೆ ಅವರ ಮಾತು ಶುರುವಾಗುತ್ತಿರಲಿಲ್ಲ. ಯಾವುದಿರಲಿ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಅವರು ತೊಟ್ಟಿಗಳ ಮೇಸ್ತ್ರಿ. ಅವರ ತಮ್ಮ, ಅಂದರೆ ನಮ್ಮ ಯಜಮಾನರು, ಅವರ ಕೈಕೆಳಗಿನ ಆಳು. ಹಸಿ ಚರ್ಮದ ಕೂದಲು ಉದುರಲೆಂದು ಅಲ್ಲಿ ಸುಣ್ಣದ ನೀರಿಗೆ ಗಂಧಕದ ಉಪ್ಪು ಬೆರೆಸುತ್ತಿದ್ದರು. ಆ ನೀರಿಗೆ ಆಸಿಡ್ ತಗುಲಿತೋ, ಕೊಳೆತ ಮೊಟ್ಟೆಯ ನಾತದ ವಿಷಗಾಳಿ ಏಳುತ್ತಿತ್ತು. ಭಾವನ ಬೆಳ್ಳಿಯುಂಗುರ ಇದ್ದಿಲಿನಂತೆ ಕಪ್ಪಿಟ್ಟಿತ್ತು. ಕತ್ತಿನವರೆಗೆ ಗುಂಡಿ ಹಾಕಿದ ಅವರ ಖಾಕಿ ಕೋಟನ್ನು ಓರಗಿತ್ತಿ ಅಕ್ಕ ಕೋಲಿನಿಂದಲೇ ಎತ್ತಿ ನೆನೆಹಾಕುವಳು.

"ನಿಮ್ಮನ್ನೇ ಒಗೆದು ಒಣಹಾಕಿದ್ರೂ ಈ ನಾತ ಹೋಗಲ್ಲ ಕಣ್ರೀ."

"ಅದಿರಲಿ, ನಾತ ಬರ್ತಿದೆ ಅಂದ್ರೆ ಗಂಡ ಬದುಕಿದಾನೆ ಅಂತ. ಸುಮ್ನೆ ಊಟ ಹಾಕು."

ತೊಟ್ಟಿಗಳ ನೀರೆಲ್ಲ ಹರಿದು ಸೇರುವ ಚರಂಡಿಯ ಗುಂಡಿ ಕಟ್ಟಿಕೊಂಡಾಗ, ಎದೆಗೆ ಹಗ್ಗ ಬಿಗಿಯದೆ ಯಾರನ್ನೂ ಅವರು ಕೆಳಗೆ ಇಳಿಸುತ್ತಿರಲಿಲ್ಲ. "ಎಮ್ಮೆ ಕಟ್ಟಿದ ಹಾಗೆ ಕಟ್ತೀಯಲ್ಲಣ್ಣ" ಎಂದು ನಮ್ಮವರು ರೇಗಿದರೆ, "ಎಮ್ಮೆಯಾದ್ರೆ ಹಾಲಾದ್ರೂ ಕೊಡ್ತಿತ್ತು" ಎಂದು ಗಂಟನ್ನು ಇನ್ನಷ್ಟು ಬಿಗಿಯುವರು.

ಒಂದು ಮಧ್ಯಾಹ್ನ ನಾನು ಬುತ್ತಿ ಹಿಡಿದು ಹೋದಾಗ ನಮ್ಮವರು ಗುಂಡಿಯೊಳಗಿದ್ದರು. ಊಟಕ್ಕೆ ಹೊರಡುವ ಆತುರದಲ್ಲಿ ಮೇಲಿನ ಶೆಡ್ಡಿನವರು ಆಸಿಡ್ ತೊಟ್ಟಿಯ ಬಿರಡೆ ಕಿತ್ತಿದ್ದರಂತೆ, ಆಸಿಡ್ ಹರಿದು ಗುಂಡಿಯ ಸುಣ್ಣದ ನೀರಿಗೆ ಸೇರಿತ್ತಂತೆ. ಅದು ನಮಗೆ ತಿಳಿದದ್ದು ಆಮೇಲೆ. ನಾತ ತಾಳಲಾರದೆ ಒಳಗಿನಿಂದ ಶಾಪ ಹಾಕುತ್ತಿದ್ದವರು ಇದ್ದಕ್ಕಿದ್ದಂತೆ ಗೆಲುವಾಗಿ, "ಅಣ್ಣಾ, ನಾತ ಹೋಯ್ತು! ಈಗ ಆರಾಮ" ಎಂದು ಕೂಗಿದರು. ಮೇಲಿದ್ದವರೆಲ್ಲ ನಕ್ಕರು. ನಾನೂ ಸಮಾಧಾನದಿಂದ ಬುತ್ತಿ ಬಿಚ್ಚತೊಡಗಿದೆ.

ಭಾವನ ಮುಖ ಮಾತ್ರ ಸುಣ್ಣದಂತೆ ಬಿಳುಪೇರಿತು. "ಎಳೀರೋ!"

ಎಳೆದರು. ಹಗ್ಗ ಎಲ್ಲೋ ಕಬ್ಬಿಣದ ಮೆಟ್ಟಿಲಿಗೆ ಸಿಕ್ಕಿತು. ಕೆಳಗಿನಿಂದ ದನಿಯಿಲ್ಲ. ಇಬ್ಬರು ಇಳಿಯಲು ಮುನ್ನುಗ್ಗಿದರು. ಭಾವ ಗುಂಡಿಯ ಬಾಯಿಗೆ ಅಡ್ಡಲಾಗಿ ಕಾಲಗಲಿಸಿ ನಿಂತು, ಮುಖವನ್ನು ಗಾಳಿಯ ಕಡೆ ತಿರುಗಿಸಿ, ಒಬ್ಬನನ್ನು ಮೊಣಕೈಯಿಂದ ತಳ್ಳಿ ಬೀಳಿಸಿದರು. ನಾನು ಅವರ ಬೆನ್ನಿಗೆ ಎರಡೂ ಕೈಯಲ್ಲಿ ಗುದ್ದಿದೆ.

"ನಿಮ್ಮ ತಮ್ಮ ರೀ! ನೀವೇನು ಕಲ್ಲಾ? ದಾರಿ ಬಿಡಿ!"

"ಒಬ್ಬ ಒಳಗಿದಾನಮ್ಮ. ಇನ್ನೊಬ್ಬನ್ನ ಕೊಡಲ್ಲ. ನೀನೂ ಹಗ್ಗ ಹಿಡಿ."

ಹಿಡಿದೆ. ಅವರು ಹಗ್ಗವನ್ನು ಗೇಣುದ್ದ ಸಡಿಲಿಸಿ, ಪಕ್ಕಕ್ಕೆ ಒಯ್ದು ಜಗ್ಗಿದರು. ಗಂಟು ಬಿಚ್ಚಿರಲಿಲ್ಲ. ತುಟಿ ನೀಲಿಗಟ್ಟಿದ ನನ್ನ ಗಂಡ ಮೇಲೆ ಬಂದರು. ಬಯಲಿನ ಗಾಳಿಗೆ ಹೊತ್ತೊಯ್ದು ಮಲಗಿಸಿದಾಗ ಎದೆ ಒಮ್ಮೆ ಉಬ್ಬಿತು, ಮತ್ತೊಮ್ಮೆ ಉಬ್ಬಿತು.

ಆಸ್ಪತ್ರೆಯಲ್ಲಿ ಕೆಂಡದಂಥ ಕಣ್ಣು ತೆರೆದು, "ನಾತ ಹೋಗಿತ್ತಲ್ಲಣ್ಣ?" ಎಂದರು.

"ಅದಿರಲಿ, ಹೋಗಿದ್ದು ನಾತ ಅಲ್ಲ ಕಣೋ, ನಿನ್ನ ಮೂಗು. ಆ ಗಾಳಿ ಹೆಚ್ಚಾದ್ರೆ ಮೊದಲು ಮೂಗನ್ನ ಕೊಲ್ಲುತ್ತೆ, ಆಮೇಲೆ ಆಳನ್ನ."

ನಮ್ಮವರು ನನ್ನ ಜೊತೆ ಮುದುಕರಾಗುವಷ್ಟು ಬಾಳಿ, ಹಾಸಿಗೆಯ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಭಾವನೂ ಈಗಿಲ್ಲ. ಆಪತ್ತಿಗೆ ಧುಮುಕುವವರನ್ನು ಲೋಕ ಕೊಂಡಾಡುತ್ತದೆ, ಕೊಂಡಾಡಲಿ. ಧುಮುಕುವವರಿಗೆ ಅಡ್ಡ ನಿಂತು, ಬೈಗುಳವನ್ನೂ ಗುದ್ದನ್ನೂ ಸಹಿಸಿಕೊಂಡು ಕೆಲಸ ಮುಗಿಸುವ ಇನ್ನೊಂದು ಬಗೆಯ ಮನುಷ್ಯರಿದ್ದಾರೆ. ಅವರ ವಾತ್ಸಲ್ಯ ನೋಡುವವರ ಕಣ್ಣಿಗೆ ಬರೀ ಹಟ. ಅಂಥವರ ಮೇಲೆ ಮನೆಯವರು ಜೀವಮಾನವಿಡೀ ಗೊಣಗುತ್ತಾರೆ. ಗೊಣಗುವುದಕ್ಕೆ ಮನೆತುಂಬ ಜನ ಉಳಿದಿರುತ್ತಾರೆ.