ಲೆಪ್ಟವ್ವನ ಕೂಗು

ಸಾರವಾಡದ ಮಲಕವ್ವನಿಗಿಂತ ಮೊದಲು ಆಕೆಯ ಧ್ವನಿ ಬರುತ್ತಿತ್ತು. ಅದರ ಬೆನ್ನಿಗೆ, ಎಡಕ್ಕೂ ಬಲಕ್ಕೂ ವಾಲುತ್ತ, ಇಳಕಲ್ ಸೀರೆಯ ಸೆರಗಿನಿಂದ ಕೊರಳು ಒರೆಸಿಕೊಳ್ಳುತ್ತ, ಆ ವಿಶಾಲ ದೇಹ. ಗಂಡ ಗುರಣ್ಣನ ಕಿವಿ ಮಂದವಾದಂದು ಏರಿದ ಧ್ವನಿ ಮತ್ತೆ ಇಳಿದಿರಲಿಲ್ಲ. ಉಣ್ಣಲು ಕೂತವರ ತಾಟಿನ ಅಂಚಿಗೆ ಎಲ್ಲಕ್ಕಿಂತ ಮೊದಲು ಚಿಟಿಕೆ ಉಪ್ಪು ಬಡಿಸುವುದು ಆಕೆಯ ನೇಮ. ತನ್ನ ತಾಟಿಗೆ ಮಾತ್ರ ಚಿಟಿಕೆಯ ಮಿತಿಯಿಲ್ಲ, ರೊಟ್ಟಿಯ ಪ್ರತಿ ತುಣುಕೂ ಅದರಲ್ಲಿ ಒತ್ತಿಯೇ ಬಾಯಿಗೆ ಹೋಗಬೇಕು.

ಪಾದ ಬಾತು, ರಕ್ತದೊತ್ತಡ ಏರಿದಾಗ, ಸೊಸೆ ಸುಧಾರಾಣಿ ಕಂಕುಳಲ್ಲಿ ಕೂಸನ್ನೂ ಕೈಯಲ್ಲಿ ಅತ್ತೆಯನ್ನೂ ಹಿಡಿದು ವಿಜಯಪುರದ ಬಸ್ಸು ಹತ್ತಿದಳು. ಗಾಂಧಿ ಚೌಕದ ಹಿಂದಿನ ದವಾಖಾನೆಯಲ್ಲಿ ಡಾಕ್ಟರ್ ಸುರೈಯಾ ಸಾವಧಾನವಾಗಿ ವಿವರಿಸಿದರು: ಮೈಯ ಕೊಬ್ಬೇ ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಉಪ್ಪು ಹೊರಹಾಕೆಂದು ಅದು ಮೂತ್ರಪಿಂಡಕ್ಕೆ ಹೇಳುತ್ತದೆ. ಕೊಬ್ಬು ಬೆಳೆದು ಆ ಹಾರ್ಮೋನು ಅತಿಯಾದರೆ ಮೂತ್ರಪಿಂಡ ಓಗೊಡುವುದು ಕಡಿಮೆಯಾಗುತ್ತದೆ. ನರಗಳನ್ನು ಕೆರಳಿಸಿ ಒತ್ತಡ ಏರಿಸುವ ಅದರ ಕೆಲಸ ಮಾತ್ರ ನಿಲ್ಲುವುದಿಲ್ಲ.

"ಹಿಂಗ ಬಿಟ್ರ ಕಿಡ್ನಿ ಕೆಡ್ತಾವ್ರಿ ಅಮ್ಮಾ. ಉಪ್ಪು ಬಿಡ್ರಿ, ಮೈ ಇಳಸ್ರಿ."

ಗಂಡನ ಹೆಸರು ಎಂದೂ ಹೇಳದ ಮಲಕವ್ವ, ಹೊರಗೆ ಕೂತವರಿಗೂ ಕೇಳುವಂತೆ ನಕ್ಕಳು. "ಅಂದ್ರ ನನ್ನ ಹೊಟ್ಟ್ಯಾಗೂ ನಮ್ಮ ಮನಿಯವ್ರಂಥಾವ ಒಬ್ಬ ಕುಂತಾನ! ಈ ಲೆಪ್ಟವ್ವ ಒದರೂದು, ಅವ ಕೇಳದಂಗ ಇರೂದು!"

"ಲೆಪ್ಟವ್ವನ್ನ ಸಣ್ಣಾಕಿ ಮಾಡ್ರಿ ಅತ್ತಿ, ಆಗ ಕೇಳ್ತಾನ," ಎಂದಳು ಸುಧಾರಾಣಿ.

"ನೀನೂ ಆಕಿ ತಂಗೀನ ಬಿಡು, ಉಪ್ಪು ಬ್ಯಾಡಂತ ಒದರಾಕಿ."

ನಗೆಯೇನೋ ಬಂತು, ಉಪ್ಪು ಹೋಗಲಿಲ್ಲ. ಸೊಸೆ ಉಪ್ಪಿಲ್ಲದೆ ಕುಟ್ಟಿದ ಅಗಸಿ ಹಿಂಡಿ ಚಟ್ನಿಯನ್ನು, ಬೆಳ್ಳುಳ್ಳಿ, ಲಿಂಬೆಹುಳಿ ಎಷ್ಟಿದ್ದರೂ, ಆಕೆ ದೂರ ಸರಿಸಿದಳು. ಬಾತ ಪಾದದಲ್ಲಿ ಒತ್ತಿದ ಬೆರಳಿನ ಕುಳಿ ಹಾಗೇ ಉಳಿಯುವುದನ್ನು ಸುಧಾರಾಣಿ ದಿನವೂ ಒತ್ತಿ ನೋಡುತ್ತಿದ್ದಳು.

ಕೂಸಿಗೆ ಮೊದಲ ಮೆತ್ತನ್ನ ಕಲಸಿದ ದಿನ ಮಲಕವ್ವನ ಕೈ ಉಪ್ಪಿನ ಭರಣಿಗೆ ಹೋಯಿತು.

"ವರ್ಷ ತುಂಬೂತನ ಬ್ಯಾಡ್ರಿ ಅತ್ತಿ. ಅದರ ಕಿಡ್ನಿ ಇನ್ನೂ ಎಳೇವು."

ಕೈ ನಿಂತಿತು. ಕೂಸು ಸಪ್ಪನೆಯ ಅನ್ನವನ್ನು ಗಲ್ಲಕ್ಕೆಲ್ಲ ಬಳಿದುಕೊಂಡು ಇನ್ನೂ ಬೇಕೆಂದು ಬಾಯಿ ತೆರೆಯಿತು. ಮಲಕವ್ವ ತನ್ನ ತಾಟನ್ನು ಮುಂದಕ್ಕೆ ಸರಿಸಿದಳು. "ನನಗೂ ಇದ್ರಾಗ ಹಾಕವ್ವಾ," ಎಂದಳು. "ಮುದುಕಿದೂ ಕೂಸಿಂದೂ ಒಂದ ಗಡಿಗಿ ಆಗ್ಲಿ."

ಅಂದಿನಿಂದ ಆಕೆ ಎಲ್ಲರ ತಾಟಿಗೂ ಉಪ್ಪು ಬಡಿಸಿ, ತನ್ನ ತಾಟಿನ ಅಂಚನ್ನು ಬರಿಬೆರಳಿನಿಂದ ಮುಟ್ಟಿ ಕೂರುತ್ತಾಳೆ. "ನಿನಗ?" ಎಂದು ಗುರಣ್ಣ ಕೇಳಿದರೆ ಕಿವಿಯ ಹತ್ತಿರ ಬಾಗಿ ಮೆಲ್ಲಗೆ, "ಬ್ಯಾಡ್ರಿ," ಎನ್ನುತ್ತಾಳೆ. ಅವನಿಗೆ ಕೇಳುತ್ತದೆ.

ಬಡಿಸುತ್ತಲೇ ಆಯುಷ್ಯ ಸವೆಸಿದ ಇಂಥ ಜೀವಗಳಿಗೆ ತಮ್ಮ ಒಳಿತಿಗೆಂದು ಏನನ್ನೂ ತೊರೆಯಲು ಬಾರದು. ಆ ತೊರೆಯುವುದನ್ನೂ ಇನ್ನೊಬ್ಬರಿಗೆ ಬಡಿಸುವ ತುತ್ತಾಗಿಸಿದರೆ ಮಾತ್ರ, ತಮ್ಮ ತಾಟಿನ ಬರಿದಾದ ಅಂಚನ್ನೂ ಅವರು ತುಂಬಿದ್ದೆಂದೇ ಮುಟ್ಟುತ್ತಾರೆ.