ಮೇಲಿನ ಬ್ಯಾಚಿನ ಸೀಟು

ಅಂಗಡಿಯ ಶಟರನ್ನು ಅರ್ಧ ಮಾತ್ರ ಎತ್ತಿ, ಕನ್ನಡಕದಂಗಡಿಯವನು ಮಗಳನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿದ. ಎದುರು ಗೋಡೆಯ ಮೇಲೆ ಅಕ್ಷರಗಳ ಹಲಗೆ. ಮೇಲೆ ದೊಡ್ಡವು, ಕೆಳಗಿಳಿದಂತೆ ಸಣ್ಣವು. ಬಲಗಣ್ಣು ಮೊದಲು, ಎಡಗಣ್ಣು ಆಮೇಲೆ. ಅವನ ಕೈಗೆ ಅದು ರೂಢಿ.

“ಬೇಗ ಬೇಗ ಓದು ಮಗಳೇ, ಕ್ಲಾಸಿಗೆ ತಡ ಆಗುತ್ತೆ.”

ಅವಳು ತನ್ನ ದಪ್ಪ ಗಾಜಿನ ಕನ್ನಡಕದಲ್ಲಿ ಕೊನೆಯ ಸಾಲಿನವರೆಗೂ ಓದಿದಳು. ಅವನು ಮುಚ್ಚಳವನ್ನು ಬಲಗಣ್ಣಿಗೆ ಬದಲಿಸಿದ. ಎಡಗಣ್ಣಿನಲ್ಲೂ ಒಂದೇ ಒಂದು ತಪ್ಪಿಲ್ಲದೆ, ಇನ್ನೂ ಚುರುಕಾಗಿ ಓದಿದಳು.

“ನಂಬರ್ ಒಂಚೂರೂ ಬದಲಾಗಿಲ್ಲ. ತಲೆನೋವು ಗಿಲೆನೋವು ಎಲ್ಲ ಓದೋಕೆ ಬೇಜಾರಾದಾಗ ಬರೋದು,” ಎಂದು ಗಾಜು ಒರೆಸುತ್ತಿದ್ದ ಹೆಂಡತಿಯತ್ತ ನೋಡಿ ನಕ್ಕ.

ಬೇರೆಯವರ ಮಕ್ಕಳಾಗಿದ್ದರೆ ಅವನು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮಕ್ಕಳು ಒಂದು ಕಣ್ಣಲ್ಲಿ ಓದಿದ್ದನ್ನು ಬಾಯಿಪಾಠ ಮಾಡಿಕೊಂಡು ಇನ್ನೊಂದು ಕಣ್ಣಿಗೆ ಒಪ್ಪಿಸಿಬಿಡುತ್ತವೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಅದಕ್ಕೇ ಎರಡನೆಯ ಕಣ್ಣಿಗೆ ಬಂದಾಗ ಅವನು ಸಾಲನ್ನು ಕೊನೆಯಿಂದ ಮೊದಲಿಗೆ ಓದಿಸುತ್ತಿದ್ದ. ಸ್ವಂತ ಮಗಳಿಗೆ ಆ ತಾಪತ್ರಯ ಯಾಕೆ? ಹೊರಗೆ ಸ್ಕೂಟರ್ ಬೇರೆ ಸ್ಟಾರ್ಟ್ ಮಾಡಿಟ್ಟು ಬಂದಿದ್ದ.

ಹುಡುಗಿ ಓದುತ್ತಿದ್ದದ್ದು ಏಳನೆಯ ತರಗತಿ. ಹೋಗುತ್ತಿದ್ದದ್ದು ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕ್ಲಾಸಿಗೆ. ಆ ಪರೀಕ್ಷೆಗೆ ಇನ್ನೂ ಐದು ವರ್ಷವಿತ್ತು. ಹಾಲುಹಲ್ಲು ಪೂರ್ತಿ ಉದುರಿರದ ಮಕ್ಕಳೂ ಅಲ್ಲಿದ್ದರು. ಅವಕ್ಕೂ ಉತ್ತರದ ಹಾಳೆಯ ವೃತ್ತವನ್ನು ಪೆನ್ನಿನಿಂದ ತುಂಬುವುದು ಹೇಗೆಂದು ಕಲಿಸುತ್ತಿದ್ದರು. ಪ್ರತಿ ತಿಂಗಳೂ ಒಂದು ಟೆಸ್ಟು. ಚೆನ್ನಾಗಿ ಬರೆದವರು ಮೇಲಿನ ಬ್ಯಾಚು, ಉಳಿದವರು ಕೆಳಗಿನ ಬ್ಯಾಚು. ಟೆಸ್ಟು ತಪ್ಪಿಸಿದವರಂತೂ ನೇರ ಕೆಳಗೆ. ಹುಡುಗಿ ಮೊದಲಿನಿಂದಲೂ ಮೇಲಿನ ಬ್ಯಾಚಿನಲ್ಲಿದ್ದಳು. ಓಣಿಯವರು ಆಗಲೇ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯತೊಡಗಿದ್ದರು.

“ಆಡೋ ಮಗು ರೀ ಅದು. ಹೈಸ್ಕೂಲಿಗೆ ಬರ್ಲಿ, ಆಮೇಲೆ ಸೇರಿಸೋಣ,” ಎಂದು ಹೆಂಡತಿ ಶುರುವಿನಲ್ಲಿ ಹೇಳಿದ್ದಳು.

“ಆಮೇಲೆ ಆಮೇಲೆ ಅಂತಲೇ ನಾನು ಇಲ್ಲಿ ಫ್ರೇಮಿಗೆ ಸ್ಕ್ರೂ ಹಾಕ್ತಾ ಕೂತಿರೋದು. ಅವಳಿಗೂ ಅದೇ ಆಗ್ಬೇಕಾ?” ಎಂದು ಅವನು ಬಾಯಿ ಮುಚ್ಚಿಸಿದ್ದ. ಕ್ಲಾಸಿನ ಮೇಷ್ಟ್ರೂ ಕೆಟ್ಟವರೇನಲ್ಲ, ತಾಳ್ಮೆಯಿಂದಲೇ ವಿವರಿಸಿದ್ದರು: “ಈಗಿಂದ ಸ್ವಲ್ಪ ಸ್ವಲ್ಪ ಮಾಡಿದ್ರೆ ಮುಂದೆ ಒಂದೇ ಸಲ ಹೊರೆ ಬೀಳಲ್ಲಮ್ಮ. ಮಕ್ಕಳ ಒಳ್ಳೇದಕ್ಕೇ ಹೇಳ್ತಿರೋದು.” ಆ ಮಾತಿನಲ್ಲಿ ತಪ್ಪೇನೂ ಕಾಣದೆ ಹೆಂಡತಿ ಸುಮ್ಮನಾಗಿದ್ದಳು.

ಮೇಷ್ಟ್ರು ಕಲಿಸಿದ ಒಂದು ಉಪಾಯ ಅಪ್ಪನಿಗೆ ಬಹಳ ಹಿಡಿಸಿತ್ತು. ನಾಲ್ಕು ಉತ್ತರಗಳಲ್ಲಿ ಎರಡು ಅಲ್ಲವೆಂದು ಗೊತ್ತಾದರೆ ಸಾಕು, ಉಳಿದೆರಡರಲ್ಲಿ ಒಂದನ್ನು ಧೈರ್ಯವಾಗಿ ತುಂಬಬೇಕು. ಖಾಲಿ ಬಿಟ್ಟವನಿಗೆ ಯಾರೂ ಅಂಕ ಕೊಡುವುದಿಲ್ಲ. ಹುಡುಗಿ ಅದನ್ನು ಎಷ್ಟು ಮೈಗೂಡಿಸಿಕೊಂಡಳೆಂದರೆ, ‘ಗೊತ್ತಿಲ್ಲ’ ಎಂಬ ಮಾತೇ ಅವಳ ಬಾಯಿಂದ ಮಾಯವಾಯಿತು. ಅಪ್ಪ ಅದನ್ನು ಗಿರಾಕಿಗಳ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದ.

ವಿಷಯ ಹೊರಬಿದ್ದದ್ದು ಕೆಲವು ದಿನಗಳಾದ ಮೇಲೆ, ಊಟದ ಹೊತ್ತಿನಲ್ಲಿ. ಹುಡುಗಿ ಜಗ್ಗಿನಿಂದ ಎಡಗಡೆಯ ಲೋಟಕ್ಕೆ ನೀರು ಬಗ್ಗಿಸಿದಳು. ನೀರು ಲೋಟದ ಪಕ್ಕದಲ್ಲಿ ಬಿದ್ದು ಟೇಬಲ್ ತುಂಬ ಹರಿಯಿತು. ಅವಳು ಇನ್ನೂ ಬಗ್ಗಿಸುತ್ತಲೇ ಇದ್ದಳು.

“ಎಲ್ಲಿಟ್ಟಿದ್ದೀಯೆ ಗ್ಯಾನ?” ಎಂದು ಬೈಯಲು ಹೊರಟ ಅಮ್ಮ ಅರ್ಧಕ್ಕೇ ನಿಂತಳು. ಈ ವಾರ ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಂಡದ್ದು, ಮೆಟ್ಟಿಲಲ್ಲಿ ಎಡವಿದ್ದು, ಎಲ್ಲವೂ ಒಮ್ಮೆಗೇ ನೆನಪಾಯಿತು. ಹತ್ತಿರ ಬಂದು ಮಗಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. “ನನ್ನ ಮುಖ ಕಾಣಿಸ್ತಿದ್ಯಾ ಪುಟ್ಟಾ? ನಿಜ ಹೇಳು.”

ಹುಡುಗಿ ಜಗ್ಗನ್ನು ಕೆಳಗಿಟ್ಟಳು. “ಮೊದಲು ಮೂಲೇಲಿ ಮಾತ್ರ ಕಪ್ಪಗಿತ್ತಮ್ಮ. ಆಮೇಲೆ ಪರದೆ ಎಳೆದ ಹಾಗೆ ಪೂರ್ತಿ ಬಂತು. ಟೆಸ್ಟ್ ಮುಗಿದ ಮೇಲೆ ಹೇಳೋಣ ಅಂತಿದ್ದೆ.”

“ಯಾವ ಟೆಸ್ಟು?”

“ಹೋದ ತಿಂಗಳದ್ದು. ಆಮೇಲೆ ಈ ತಿಂಗಳದ್ದು ಬಂತು.”

ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಂಗಡಿಯ ಹಲಗೆಯನ್ನು ಅವಳು ಎಡಗಣ್ಣಿನಲ್ಲಿ ಪಟಪಟನೆ ಓದಿದ್ದು ನೆನಪಾಯಿತು.

ಕಣ್ಣಿನ ಆಸ್ಪತ್ರೆಯ ಡಾಕ್ಟರು ಹುಡುಗಿಯ ಬಲಗಣ್ಣನ್ನು ಹತ್ತಿಯಿಂದ ಮುಚ್ಚಿ, “ನನ್ನ ಕೈಯಲ್ಲಿ ಎಷ್ಟು ಬೆರಳಿದೆ ಹೇಳಮ್ಮ?” ಎಂದು ಕೇಳಿದರು.

“ಮೂರು,” ಎಂದಳು ಹುಡುಗಿ, ಅನುಮಾನವೇ ಇಲ್ಲದವಳಂತೆ.

ಡಾಕ್ಟರು ಕೈಯನ್ನೇ ಎತ್ತಿರಲಿಲ್ಲ. ಅವರ ಎರಡೂ ಕೈ ಮಡಿಲಲ್ಲಿದ್ದವು. ಅವರು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದ.

“ಕಾಣಿಸದೆ ಇದ್ರೆ ಕಾಣಿಸಲ್ಲ ಅನ್ನಬಹುದಲ್ಲಮ್ಮ?”

“ಐದೂ ಇರಲ್ಲ, ಒಂದೂ ಇರಲ್ಲ ಅನ್ನಿಸ್ತು ಡಾಕ್ಟ್ರೇ. ಅದಕ್ಕೇ ಮೂರು ಅಂದೆ.”

ಹುಡುಗಿಯನ್ನು ಹೊರಗೆ ಕಳಿಸಿ ಡಾಕ್ಟರು ನಿಧಾನವಾಗಿ ಹೇಳಿದರು. ಕಣ್ಣಿನ ಹಿಂದಿನ ಪರದೆ ಕಳಚಿ ತಿಂಗಳ ಮೇಲಾಗಿದೆ. ಆಪರೇಷನ್ ಮಾಡಬಹುದು, ಕಣ್ಣಿನ ಆಕಾರ ಉಳಿಯಬಹುದು, ದೃಷ್ಟಿ ಬರುವ ಭರವಸೆ ಕೊಡಲಾರೆ.

“ತುಂಬಾ ಓದಿಸಿದ್ದಕ್ಕಾ ಹೀಗಾಯ್ತು?” ಅಮ್ಮ ಕೇಳಿದಳು.

“ಇಲ್ಲಮ್ಮ, ಓದಿದ್ದಕ್ಕೆ ಆಗೋದಲ್ಲ ಇದು. ಹೆಚ್ಚು ನಂಬರ್ ಇರೋ ಕಣ್ಣಿಗೆ ಕೆಲವರಿಗೆ ಆಗುತ್ತೆ. ಮೂಲೇಲಿ ಕಪ್ಪು ಬಂದಾಗಲೇ ಮಗು ಬಾಯಿಬಿಟ್ಟಿದ್ರೆ ಬಹುಶಃ ಉಳೀತಿತ್ತು. ಮನೇಲಿ ಯಾರಿಗೂ ಹೇಳ್ಲಿಲ್ವಾ ಅವಳು?”

ತಲೆನೋವು ಅಂದಿದ್ದಳು, ಎಂದು ಹೇಳಲು ಅವನು ಬಾಯಿ ತೆರೆದ. ಊರವರ ಕಣ್ಣನ್ನೆಲ್ಲ ತಿರುಗಿಸಿ ಮುರುಗಿಸಿ ನೋಡಿದವನು ಮಗಳ ಕಣ್ಣಿಗೆ ಅವಸರ ಮಾಡಿದ್ದ. ಅದಕ್ಕೆ ಯಾರ ಹತ್ತಿರ ಹೋಗಿ ಏನು ಹೇಳುವುದು?

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಎಡಗಣ್ಣಿಗೆ ಬೆಳಕು ಕತ್ತಲೆ ಇಷ್ಟು ಮಾತ್ರ ಗೊತ್ತಾಗುತ್ತಿತ್ತು. ಹುಡುಗಿ ಅಳಲಿಲ್ಲ. “ಸರಿ” ಎಂದಳು, ಅಷ್ಟೆ. ನರ್ಸು ಅವಳ ಕೆನ್ನೆ ತಟ್ಟಿ, ಎಂಥ ಗಟ್ಟಿ ಹುಡುಗಿ ಎಂದು ಹೊಗಳಿದಳು. ಅಪ್ಪನಿಗೆ ಮಾತ್ರ ಆ ಗಟ್ಟಿತನ ಕಂಡು ಭಯವಾಯಿತು.

ಮರುದಿನ ಅವನು ಕ್ಲಾಸಿಗೆ ಹೋದ. ಮೇಷ್ಟ್ರು ಮನಸಾರೆ ನೊಂದುಕೊಂಡರು. “ಛೇ, ಎಂಥಾ ಹುಡುಗಿ. ಒಂದೆರಡು ತಿಂಗಳು ರೆಸ್ಟ್ ತಗೊಳ್ಲಿ ಸರ್. ಕೆಳಗಿನ ಬ್ಯಾಚಲ್ಲಿ ಕೂರಿಸಿ ಮತ್ತೆ ಮೇಲಕ್ಕೆ ತರೋಣ. ಈ ವಯಸ್ಸಲ್ಲಿ ಬಿಟ್ರೆ ಮುಂದೆ ಹಿಡಿಯೋದು ಕಷ್ಟ.”

“ಬೇಡ ಸರ್. ಹೆಸರು ತೆಗೆದುಬಿಡಿ.”

“ಅವಸರ ಮಾಡ್ತಿದ್ದೀರಿ.”

“ಅವಸರ ಆಗ್ಲೇ ಮಾಡಿ ಆಯ್ತು ಸರ್. ಇನ್ನು ಮಾಡೋಕೆ ಏನೂ ಉಳಿದಿಲ್ಲ.”

ಹೊರಗಿನ ಬೆಂಚಿನಲ್ಲಿ ಒಬ್ಬ ತಾಯಿ ಐದನೆಯ ತರಗತಿಯ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾಯುತ್ತಿದ್ದಳು. ಒಳಗಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಅವನು ತಡೆಯಲಾರದೆ ಅವಳೆದುರು ನಿಂತು ಎಲ್ಲವನ್ನೂ ಹೇಳಿದ: ಕಪ್ಪು ಪರದೆ, ಟೆಸ್ಟು, ಡಾಕ್ಟರು ಎತ್ತದ ಬೆರಳು. ಆಕೆ ನಿಜವಾಗಿಯೂ ಮರುಗಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹಿಂಜರಿಯುತ್ತ ಕೇಳಿದಳು.

“ತಪ್ಪು ತಿಳ್ಕೋಬೇಡಿ ಅಣ್ಣಾ. ಹಾಗಾದ್ರೆ ಮೇಲಿನ ಬ್ಯಾಚಲ್ಲಿ ಒಂದು ಸೀಟು ಖಾಲಿ ಆಯ್ತಾ?”

ಅವನು ಮೆಟ್ಟಿಲಿಳಿದ. ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಹೋದ ವರ್ಷ ಅದೇ ಬೆಂಚಿನಲ್ಲಿ ಕೂತಿದ್ದರೆ ಅವನೂ ಅದನ್ನೇ ಕೇಳುತ್ತಿದ್ದ.

ಮನೆಯಲ್ಲಿ ಹುಡುಗಿ ಕಿಟಕಿಯ ಬಳಿ ಕೂತಿದ್ದಳು. ಅವನು ಪಕ್ಕದಲ್ಲಿ ಕುಳಿತು, ಇನ್ನು ಮೇಲೆ ಕ್ಲಾಸಿಲ್ಲ, ಟೆಸ್ಟಿಲ್ಲ, ನಿನಗೆ ಬೇಕಾದ್ದು ಮಾಡಿಕೊಂಡಿರು ಎಂದ. ಅವಳ ಮುಖ ಅರಳುತ್ತದೆಂದು ಕಾದ.

“ನನ್ನ ಸೀಟು ಬೇರೆಯವರಿಗೆ ಕೊಟ್ಬಿಟ್ರಾ ಅಪ್ಪಾ?”

“ಕೊಡ್ತಾರೆ. ನಮಗೆ ಬೇಡ ಮಗಳೇ ಅದು.”

ಕಣ್ಣು ಹೋಗಿದೆಯೆಂದಾಗ ಅಳದಿದ್ದ ಹುಡುಗಿ ಈಗ ಬಿಕ್ಕಿಬಿಕ್ಕಿ ಅತ್ತಳು. ಅಮ್ಮ ಅಡುಗೆಮನೆಯಿಂದ ಓಡಿಬಂದು ಅಪ್ಪಿಕೊಂಡರೂ ನಿಲ್ಲಿಸಲಿಲ್ಲ. ಎರಡೂ ಕಣ್ಣಿಂದ ನೀರು ಸಮನಾಗಿಯೇ ಇಳಿಯುತ್ತಿತ್ತು. ಅಪ್ಪನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ಬೇಡಿಕೊಂಡಳು.

“ಇನ್ಮೇಲೆ ಹೇಳ್ತೀನಿ ಅಪ್ಪಾ, ಕಾಣಿಸದೆ ಇದ್ರೆ ಹೇಳ್ತೀನಿ. ಬಿಡಿಸ್ಬೇಡಿ. ಓದೋಕೆ ಒಂದು ಕಣ್ಣು ಸಾಕು ನಂಗೆ.”